ಸಾಲು ಮುಗಿಸಿಯೇ ಕಳಿಸುವವನು

"ಇನ್ನೊಂದು ಸಲ ಓಡಿಸು," ಎಂದೆ.

"ಆಗ್ಲೇ ಮೂರು ಸಲ ಆಯ್ತಲ್ಲ ಮೇಡಂ," ಎಂದ ಬಣ್ಣಗಾರ.

"ಎಣಿಸೋಕೆ ನನಗೂ ಬರತ್ತಪ್ಪ. ಓಡಿಸು ಅಂದ್ರೆ ಓಡಿಸು."

ಪರದೆ ಖಾಲಿಯಾಯಿತು. ಮೇಲಿನ ಮೂಲೆಯಲ್ಲಿ ಒಂದು ಅಕ್ಷರ ಮೂಡಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು. ಮತ್ತೊಂದು. ಅದು ಅಳಿಸಿಹೋಯಿತು. ಮತ್ತೆ ಬಂತು. ಹನ್ನೆರಡು ದಿನದ ಹಿಂದೆ ಕಾಣೆಯಾದ ಮೌನಿಯೇ ಬರೆದದ್ದೆಂದು ಪೊಲೀಸರು ನಂಬಿ ಕೂತಿದ್ದ ಕಾಗದ, ಬರೆದವರ ಬೆರಳು ನಡೆದ ಹಾಗೆಯೇ, ನನ್ನ ಕಣ್ಣೆದುರು ಮತ್ತೆ ಹುಟ್ಟುತ್ತಿತ್ತು.

ನನಗೆ ಅರವತ್ತೊಂದು. ಮೂವತ್ತನಾಲ್ಕು ವರ್ಷ ಕೈಬರಹದ ಪರೀಕ್ಷೆ ಮಾಡಿದವಳು. ಸುಳ್ಳು ಉಯಿಲು, ಕಳ್ಳ ರುಜು, ಬೆದರಿಕೆ ಪತ್ರ, ಎಲ್ಲವೂ ನನ್ನ ಮಸೂರದ ಕೆಳಗೆ ಹಾದುಹೋಗಿವೆ. ಈಗ ಯಾರೂ ಕೈಯಲ್ಲಿ ಬರೆಯುವುದಿಲ್ಲ. ಮಸೂರ ಡ್ರಾಯರಿನಲ್ಲಿದೆ, ನಾನು ಮನೆಯಲ್ಲಿದ್ದೇನೆ, ಎರಡನ್ನೂ ಕೇಳುವವರಿಲ್ಲ. ನನ್ನ ಮನೆಯ ಬೆಲ್ಲನ್ನು ಹಾಲಿನವನು ಬಿಟ್ಟರೆ ಬೇರೆಯವರು ಒತ್ತಿ ತಿಂಗಳುಗಳೇ ಆಗಿದ್ದವು. ಅಂಥದ್ದರಲ್ಲಿ ಕಳೆದ ವಾರ ಮೌನಿಯ ಅಕ್ಕ, ಶಾಲಾ ಸಮವಸ್ತ್ರ ಹೊಲಿಯುವ ಹೆಂಗಸು, ಅಚ್ಚಾದ ಹಾಳೆಯೊಂದನ್ನು ಹಿಡಿದು ಬಂದು, "ಇದು ನನ್ನ ತಮ್ಮ ಬರ್ದಿದ್ದಲ್ಲ ಅಂತ ಬರ್ಕೊಡಿ ಮೇಡಂ" ಎಂದಾಗ ನಾನು ನಕ್ಕೇಬಿಟ್ಟಿದ್ದೆ. ಅಚ್ಚಿನ ಅಕ್ಷರಕ್ಕೆ ಕೈಬರಹ ಎಲ್ಲಿಂದ ಬರಬೇಕು?

ನಕ್ಕಿದ್ದು ತಪ್ಪಾಯಿತು ಎಂದು ಈಗ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಈ ಮೂರನೇ ಮಹಡಿಯ ಆಫೀಸು ಕೋಣೆಯಲ್ಲಿ ಕೂತು, ಗೊತ್ತಾಗುತ್ತಿತ್ತು.

ಕೋಣೆಯಲ್ಲಿ ಎರಡು ಮೇಜು, ಎರಡು ಕುರ್ಚಿ. ಮೌನಿಯ ಕುರ್ಚಿಯ ಮೇಲೆ ನೀಲಿ ಚೌಕಳಿ ತುಂಡುಗಳನ್ನು ಜೋಡಿಸಿ ಹೊಲಿದ ದಿಂಬು. ಉಳಿದ ಸಮವಸ್ತ್ರದ ಬಟ್ಟೆಯಲ್ಲಿ ಅಕ್ಕ ಮಾಡಿಕೊಟ್ಟದ್ದು. ಕೆಳಗಡೆ ಯಾರದೋ ಹಲ್ಲು ಕೊರೆಯುವ ಸದ್ದು ನೆಲದಿಂದ ಕಾಲಿಗೆ ಬರುತ್ತಿತ್ತು.

ಇವರ ಕಸುಬು ನನಗರ್ಥವಾದಷ್ಟು ಇಷ್ಟು. ಪಡಸಾಲೆ ಎನ್ನುವುದು ಯಾರೊಬ್ಬರ ಸ್ವತ್ತೂ ಅಲ್ಲದ, ಎಲ್ಲರಿಗೂ ತೆರೆದ ಏರ್ಪಾಡು. ಹತ್ತು ಜನ ಹತ್ತು ಕಡೆ ಕೂತು ಒಂದೇ ಪುಟದ ಮೇಲೆ ಒಟ್ಟಿಗೆ ಬರೆಯಬಹುದು. ಒಬ್ಬರು ಒತ್ತಿದ ಅಕ್ಷರ ಆ ಕ್ಷಣವೇ ಮಿಕ್ಕವರಿಗೆ ಕಾಣುತ್ತದೆ. ಇಷ್ಟು ದಿನ ಅದು ಬ್ರೌಸರಿನೊಳಗೆ ಮಾತ್ರ ಇತ್ತು. ಕಂಪ್ಯೂಟರಿನಲ್ಲೇ ನೆಲೆಸಿ ತನ್ನದೇ ಕಿಟಕಿಯಲ್ಲಿ ತೆರೆದುಕೊಳ್ಳುವ, ನೆಟ್ ಹೋದರೆ ಬರೆದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾದು, ನೆಟ್ ಬಂದೊಡನೆ ಒಪ್ಪಿಸುವ ಡೆಸ್ಕ್‌ಟಾಪ್ ಪ್ರೋಗ್ರಾಮನ್ನು ಇವರಿಬ್ಬರು ಹತ್ತು ತಿಂಗಳಿಂದ ಕಟ್ಟುತ್ತಿದ್ದರು. ಒಳಗಿನ ಕೆಲಸ ಮೌನಿಯದು. ಹೊರಗಿನ ಅಂದಚಂದ ಬಣ್ಣಗಾರನದು. ಆ ಹೆಸರು ಅವನಿಗೆ ಬಂದದ್ದೂ ಹಾಗೆಯೇ.

ಪಡಸಾಲೆ ಏನನ್ನೂ ಮರೆಯುವುದಿಲ್ಲ. ಯಾವ ಪುಟವನ್ನಾದರೂ ಮೊದಲಿಂದ ಓಡಿಸಿ ನೋಡಬಹುದು. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಇನ್ಸ್‌ಪೆಕ್ಟರಿಗೂ ಹೇಳಲಿಲ್ಲ.

ಕಾಗದ ಮುಗಿಯುತ್ತಾ ಬಂತು. *ನಾನು ಹೋಗುತ್ತಿದ್ದೇನೆ. ಹುಡುಕಬೇಡಿ. ನನ್ನ ಇಷ್ಟದಿಂದಲೇ ಹೋಗುತ್ತಿದ್ದೇನೆ.* ಕೊನೆಯ ಸಾಲಿಗೆ ಬಂದಾಗ ಬೆರಳು ತಡವರಿಸಿತು. *ಅಕ್ಕನದೇನೂ ತಪ್ಪಿಲ್ಲ.* ಅಳಿಸಿತು. ಮತ್ತೆ ಬರೆಯಿತು. ಮತ್ತೆ ಅಳಿಸಿತು. ನಾನು ಬೆರಳು ಮಡಿಚಿ ಎಣಿಸಿದೆ. ಆರು ಸಲ.

"ಒಂಬತ್ತು ಸಾಲು," ಎಂದೆ. "ಎಷ್ಟು ಹೊತ್ತು ಹಿಡೀತು?"

ಬಣ್ಣಗಾರ ಮೂಲೆಯ ಅಂಕಿ ನೋಡಿದ. "ಒಂದೂ ಮುಕ್ಕಾಲು ಗಂಟೆ. ಅವನು ಕಾಣೆಯಾದ ಮಾರನೇ ದಿನ, ಮಧ್ಯಾಹ್ನ."

"ಪ್ರೋಗ್ರಾಂ ಬರೆಯೋ ಹುಡುಗ. ಒಂಬತ್ತು ಸಾಲಿಗೆ ಒಂದೂ ಮುಕ್ಕಾಲು ಗಂಟೆ?"

"ಮನಸ್ಸು ಸರಿ ಇರ್ಲಿಲ್ವೇನೋ."

"ಅವನು ಮೊದಲು ಬರೆದಿರೋ ಬೇರೆ ಪುಟ ತೆಗಿ."

"ಯಾಕೆ ಮೇಡಂ?"

"ನನ್ನ ಕಸುಬಲ್ಲಿ ಒಂದು ರುಜು ನೋಡಿ ಯಾರೂ ಏನೂ ಹೇಳಲ್ಲ. ಪಕ್ಕದಲ್ಲಿ ಇನ್ನೊಂದು ಬೇಕು. ತೆಗಿ."

ಅವನು ಒಲ್ಲದ ಮನಸ್ಸಿನಿಂದ ತೆಗೆದ. ಓಡಿಸಿದ. ಪರದೆಯ ಮೇಲೆ ಒಂದಿಷ್ಟು ಹೊತ್ತು ಏನೂ ಇರಲಿಲ್ಲ. ಆಮೇಲೆ ಇಡೀ ಸಾಲು ಒಟ್ಟಿಗೆ ಬಂದು ಕೂತಿತು. ತಪ್ಪಿಲ್ಲ, ತಡೆಯಿಲ್ಲ. ಮತ್ತೆ ಖಾಲಿ. ಮತ್ತೊಂದು ಇಡೀ ಸಾಲು. ಇನ್ನೊಂದು ಪುಟ ತೆಗೆಸಿದೆ. ಅಲ್ಲೂ ಹಾಗೇ. ಹತ್ತು ಪುಟ ನೋಡಿದೆ, ಹತ್ತರಲ್ಲೂ ಹಾಗೇ.

"ಇದೇನಪ್ಪಾ ಇದು? ಮಿಕ್ಕವರದೆಲ್ಲ ಅಕ್ಷರ ಅಕ್ಷರವಾಗಿ ಬಂದ್ರೆ ಇವನದು ಮಾತ್ರ ಸಾಲು ಸಾಲಾಗಿ ಬರತ್ತೆ?"

"ಅದು... ಹಾಗೆ ನೋಡಿದ್ರೆ... ಎರಡೂ ಥರ ಆಗಬಹುದು ಮೇಡಂ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಹೌದೋ ಅಲ್ವೋ?"

ಅವನು ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ ಕಿಟಕಿ ನೋಡಿದ. "ಅವನ ಹಟ ಅದು. ನಮ್ಮ ಡೆಸ್ಕ್‌ಟಾಪ್ ಪ್ರೋಗ್ರಾಮಲ್ಲಿ ಎಂಟರ್ ಒತ್ತೋವರೆಗೂ ಸಾಲು ಹೊರಗೆ ಹೋಗಲ್ಲ. ಹಾಗೆ ಮಾಡಿಟ್ಟಿದ್ದಾನೆ. ನಾನು ಎಷ್ಟು ಜಗಳ ಆಡಿದೆ ಗೊತ್ತಾ? ಎಲ್ಲರೂ ಒಟ್ಟಿಗೆ ಬರೆಯೋದು ಅಂದ್ರೆ ಬರೀತಿರೋದು ಕಾಣಬೇಕಪ್ಪ, ಅದೇ ತಾನೇ ಇದರ ಮಜಾ ಅಂತ. ಕೇಳಲಿಲ್ಲ."

"ಯಾಕಂತೆ?"

"ಅವನು ತೊದಲ್ತಾನೆ ಮೇಡಂ. ಒಂದು ಮಾತು ಹೊರಡೋಕೆ ಅರ್ಧ ನಿಮಿಷ. ಅದಕ್ಕೇ ಬಾಯೇ ಬಿಡ್ತಿರ್ಲಿಲ್ಲ. ಬ್ರೌಸರಲ್ಲಿ ಬರೆಯುವಾಗ ನಿಲ್ಲಿಸೋದು, ಅಳಿಸೋದು, ಎಲ್ಲ ಎದುರಿನವರಿಗೆ ಕಾಣತ್ತಲ್ಲ? ಬಾಯಲ್ಲಿ ತೊದಲಿದ್ದು ಸಾಲದೂಂತ ಕೈಯಲ್ಲೂ ತೊದಲಬೇಕಾ ಅಂತ ಒಂದ್ಸಲ ಬರೆದು ತೋರಿಸಿದ್ದ."

ಇಪ್ಪತ್ತೊಂಬತ್ತು ವರ್ಷದ ಹುಡುಗ, ತಾನು ತಡವರಿಸುವುದು ಯಾರಿಗೂ ಕಾಣಬಾರದು ಎಂಬ ಒಂದೇ ಕಾರಣಕ್ಕೆ ಹತ್ತು ತಿಂಗಳು ಕೂತು ಕಿಟಕಿಯೊಂದನ್ನು ಕಟ್ಟಿಕೊಂಡಿದ್ದ. ಪಾಪ ಅನ್ನಿಸಿತು.

"ಹಾಗಾದ್ರೆ ಈ ಕಾಗದ ಅವನದಲ್ಲ," ಎಂದೆ.

"ಅವತ್ತು ಬ್ರೌಸರಲ್ಲೇ ಬರೆದಿರಬಹುದಲ್ಲ?"

"ಜನ್ಮದಲ್ಲಿ ಕಾಲಿಡದ ಕಡೆ, ಬದುಕಿನ ಕೊನೇ ಕಾಗದ ಬರೆಯೋಕೆ ಹೋದ್ನಾ? ಹನ್ನೊಂದು ದಿನದಿಂದ ಇದು ನಿನಗೆ ಗೊತ್ತಿತ್ತು. ಇನ್ಸ್‌ಪೆಕ್ಟರ್ ಬಂದಾಗ ತುಟಿ ಪಿಟಕ್ ಅನ್ನಲಿಲ್ಲ ನೀನು."

"ಅವರು ಕೇಳಲಿಲ್ಲ, ನಾನು ಹೇಳಲಿಲ್ಲ."

ಅವನ ಮುಖ ನೋಡಿದೆ. ಭಯವೋ, ಬೇಜಾರೋ, ಅಥವಾ ಬರೀ ಸೋಮಾರಿತನವೋ ತಿಳಿಯಲಿಲ್ಲ. ಅಕ್ಷರ ಓದುವಷ್ಟು ಚೆನ್ನಾಗಿ ಮುಖ ಓದಲು ನನಗೆ ಯಾವತ್ತೂ ಬಂದಿಲ್ಲ.

ಆದರೆ ಎದೆಯೊಳಗೆ ಬೇರೊಂದು ಭಯ ಹೊಕ್ಕಿತ್ತು. ಕಾಣೆಯಾದ ಮಾರನೇ ದಿನವೂ ಮೌನಿ ಬದುಕಿದ್ದ ಎನ್ನುವುದಕ್ಕೆ ಈ ಕಾಗದವೊಂದೇ ಸಾಕ್ಷಿ. ಅದು ಸುಳ್ಳಾದರೆ, ಹಿಂದಿನ ಸಂಜೆಯ ನಂತರ ಅವನನ್ನು ಕಂಡವರು ಯಾರೂ ಇಲ್ಲ. ನಾಳೆ ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ 'ಸ್ವಇಚ್ಛೆಯಿಂದ ತೆರಳಿದ್ದಾನೆ' ಎಂದು ಬರೆದು ಫೈಲು ಮುಚ್ಚುವವರಿದ್ದರು. ಮುಚ್ಚಿದ ಮೇಲೆ ಆ ಹುಡುಗನನ್ನು ಹುಡುಕುವವರು ಯಾರು? ಒಬ್ಬ ದರ್ಜಿ, ಒಬ್ಬ ಮುದುಕಿ.

"ಅವನ ಲ್ಯಾಪ್‌ಟಾಪ್ ಸಿಕ್ತು," ಎಂದೆ, ಚೀಲ ಎತ್ತಿಕೊಳ್ಳುತ್ತಾ.

ಕುರ್ಚಿ ತಿರುಗುವುದು ನಿಂತಿತು. "ಎಲ್ಲಿ?"

"ಗ್ರಂಥಾಲಯದಲ್ಲಿ. ಓದೋ ಕೋಣೆಯ ಕುರ್ಚಿ ಕೆಳಗೆ ಬಿದ್ದಿತ್ತಂತೆ. ಅಟೆಂಡರ್ ಎತ್ತಿ, ಕಳೆದುಹೋದ ಛತ್ರಿಗಳ ಜೊತೆ ಕಪಾಟಲ್ಲಿ ಇಟ್ಟಿದ್ದ. ಬ್ಯಾಟರಿ ಸತ್ತಿದೆ. ಚಾರ್ಜರ್ ಅಕ್ಕನ ಮನೇಲಿದೆ, ಅಲ್ಲಿಗೇ ಹೊರಟೆ."

"ನೀವು ತೆರೀಬೇಡಿ ಮೇಡಂ! ಏನೋ ಒತ್ತಿ ಏನೋ ಅಳಿಸಿಬಿಡ್ತೀರಿ. ಆರು ಗಂಟೆಗೆ ನಾನೇ ಬರ್ತೀನಿ. ಅದರ ಜೊತೆ ಪೆನ್ ಡ್ರೈವ್ ಏನಾದ್ರೂ ಸಿಕ್ತಾ?"

"ಇಲ್ಲ. ಯಾಕೆ?"

"ನಮ್ಮ ಪ್ರೋಗ್ರಾಮಿಗೆ ಒತ್ತೋ ಮುದ್ರೆ ಅದರಲ್ಲಿದೆ. ಅದು ಬಿದ್ದ ಪ್ರೋಗ್ರಾಮನ್ನ ಮಾತ್ರ ಜನರ ಕಂಪ್ಯೂಟರ್ ನಂಬಿ ಒಳಗೆ ಬಿಡೋದು. ನಲವತ್ತು ಸಾವಿರ ಜನ ಕಾಯ್ತಿದ್ದಾರೆ. ಇರೋದು ಅವನ ಹತ್ರ ಒಂದೇ." ಸ್ವಲ್ಪ ತಡೆದು ಕೇಳಿದ, "ಅಕ್ಕನ ಮನೆ ಎಲ್ಲಿ? ವಿಳಾಸ ಹೇಳಿ."

"ಹತ್ತು ತಿಂಗಳು ಜೊತೇಲಿ ಕೂತಿದ್ದೀಯ, ಮನೆ ಗೊತ್ತಿಲ್ವಾ?"

"ಯಾರನ್ನೂ ಕರೀತಿರಲಿಲ್ಲ ಮೇಡಂ ಅವನು. ಆ ಬೀದಿಗೆ ಕಾಲಿಟ್ಟಿಲ್ಲ ನಾನು."

ಅವನದೇ ಚೀಟಿಯ ಮೇಲೆ ವಿಳಾಸ ಬರೆದುಕೊಟ್ಟೆ. ನಾನು ಬರೆದರೆ ಇವತ್ತಿಗೂ ಮುತ್ತು ಪೋಣಿಸಿದ ಹಾಗಿರುತ್ತದೆ. ಅವನು ಅದನ್ನು ಗಮನಿಸಲೂ ಇಲ್ಲ, ಜೇಬಿಗೆ ತುರುಕಿದ.

ನನ್ನ ಮಂಡಿಗಳಿಗೆ ಮೂರು ಮಹಡಿ ಇಳಿಯುವುದೆಂದರೆ ಒಂದು ವ್ರತ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಕಟ್ಟಡ ಕಟ್ಟಿದವನ ಏಳು ತಲೆಮಾರನ್ನು ನೆನೆಯುತ್ತಾ ಇಳಿದೆ. ಎರಡನೇ ಮಹಡಿಯ ತಿರುವಿನಲ್ಲಿದ್ದಾಗ ಮೇಲಿನಿಂದ ಬಣ್ಣಗಾರ ಬಗ್ಗಿ ಕೂಗಿದ.

"ಮೇಡಂ, ಅಲ್ಲಿ ಬೆಲ್ ಕೆಟ್ಟಿದೆ! ಜೋರಾಗಿ ತಟ್ಟಿ, ಮಿಷನ್ ಸದ್ದಲ್ಲಿ ಕೇಳಲ್ಲ!"

"ಆಯ್ತಪ್ಪ, ಆಯ್ತು," ಎಂದೆ. ನನ್ನ ಗಮನವೆಲ್ಲ ಮುಂದಿನ ಮೆಟ್ಟಿಲ ಮೇಲಿತ್ತು.

*

ಬಸ್ಸಿಳಿದು, ಗಡಿಯಾರ ರಿಪೇರಿಯವನ ಅಂಗಡಿ ದಾಟಿ, ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಐದು ದಾಟಿತ್ತು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಅಭ್ಯಾಸಬಲ, ಬೆಲ್ ಒತ್ತಿದೆ. ಕಿವಿ ಕಿತ್ತುಹೋಗುವ ಹಾಗೆ ಕೂಗಿತು.

"ತೆಗ್ದೇ ಇದೆ, ತಳ್ಳಿ!" ಎಂಬ ದನಿ ಒಳಗಿನಿಂದ ಬಂತು.

"ಒಂಟಿ ಹೆಂಗಸು, ಬಾಗಿಲಿಗೆ ಚಿಲಕ ಬೇಡ್ವಾ?" ಎಂದು ಬೈದುಕೊಂಡೇ ಒಳಗೆ ಹೋದೆ.

ಅವಳು ಯಂತ್ರ ನಿಲ್ಲಿಸಿ ಎದ್ದಳು. ನಲವತ್ನಾಲ್ಕು ವಯಸ್ಸು, ಹನ್ನೆರಡು ದಿನದಲ್ಲಿ ಐವತ್ತು ದಾಟಿದವಳ ಹಾಗಾಗಿದ್ದಳು. ಕತ್ತಿಗೆ ಅಳತೆಯ ಟೇಪು, ಸೆರಗಿಗೆ ನಾಲ್ಕು ಗುಂಡುಪಿನ್ನು. ಯಂತ್ರದ ಪಕ್ಕ ಗುಂಡಿಗಳ ದೊಡ್ಡ ತಗಡಿನ ಡಬ್ಬಿ. ಗೋಡೆಗೆ ಒರಗಿಸಿ ಮಡಿಚಿಟ್ಟ ನಲವತ್ತು ನೀಲಿ ಅಂಗಿಗಳು, ಎಲ್ಲವೂ ಬೇರೆಯವರ ಮಕ್ಕಳದು. ಒಲೆಯ ಪಕ್ಕ ಎರಡು ತಟ್ಟೆ ಬೋರಲು ಹಾಕಿತ್ತು. ಒಂದನ್ನು ಮಾತ್ರ ಬಳಸಿದ ಗುರುತಿತ್ತು. ನನ್ನ ಮನೆಯಲ್ಲಿ ತಟ್ಟೆಯೇ ಒಂದು. ಅದು ಒಂದು ಲೆಕ್ಕದಲ್ಲಿ ಸುಲಭ.

ಲ್ಯಾಪ್‌ಟಾಪ್ ಕಂಡದ್ದೇ ಅವಳು ಎರಡೂ ಕೈ ಚಾಚಿದಳು. ಅದನ್ನು ಎದೆಗೊತ್ತಿಕೊಂಡಳು, ಆಮೇಲೆ ನಾಚಿ ಕೆಳಗಿಟ್ಟಳು. ಚಾರ್ಜರ್ ಹುಡುಕಿ ಸಿಕ್ಕಿಸಿದೆವು. ಸತ್ತ ಬ್ಯಾಟರಿ ಎದ್ದು ಕೂರಲು ಹೊತ್ತು ಬೇಕಿತ್ತು. ಆ ಹೊತ್ತು ನನಗೂ ಬೇಕಿತ್ತು.

ಕೋಣೆಯ ಮೂಲೆಯಲ್ಲಿ ಮೌನಿ ಹಳೆಯ ಕಂಪ್ಯೂಟರೊಂದನ್ನು ಅಕ್ಕನಿಗೆಂದು ಇಟ್ಟುಕೊಟ್ಟಿದ್ದ.

"ಒಂದು ಉಪಕಾರ ಮಾಡಮ್ಮ," ಎಂದೆ. "ನನಗೆ ಎರಡು ರವಿಕೆ ಹೊಲಿಯೋಕೆ ಕೊಡೋದಿದೆ. ನನ್ನ ಹೆಸರು, ವಿಳಾಸ ಇದರಲ್ಲಿ ಹೊಡೆದಿಟ್ಟುಕೋ, ನಾನು ಹೇಳ್ತೀನಿ."

"ಈಗಲಾ ಮೇಡಂ?"

"ಈಗಲೇ. ಆಮೇಲೆ ಮರೀತೀನಿ, ವಯಸ್ಸಾಯ್ತು."

ಅವಳು ಕೂತಳು. ಒಂದೇ ಬೆರಳು. ಕೀಲಿಗಳ ಮೇಲೆ ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕಿ, ಸಿಕ್ಕಾಗ ಒತ್ತುತ್ತಿದ್ದಳು. ಒಂದು ಪದ ಮುಗಿದೊಡನೆ ಕೈಯನ್ನು ಮಡಿಲಿಗೆ ತಂದು, ಪರದೆಯತ್ತ ಬಗ್ಗಿ, ಹೊಲಿಗೆ ನೇರವಿದೆಯೇ ಎಂದು ನೋಡುವವಳ ಹಾಗೆ ಆ ಪದವನ್ನು ನೋಡಿ, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದಳು. ಮನಸ್ಸಿನಲ್ಲೇ ಎಣಿಸಿದೆ. ಪದ, ನಾಲ್ಕು ಸೆಕೆಂಡು ಬಿಡುವು. ಪದ, ನಾಲ್ಕು ಸೆಕೆಂಡು ಬಿಡುವು. ಇದೇ ಬಿಡುವನ್ನು ಮಧ್ಯಾಹ್ನ ನಾಲ್ಕು ಸಲ ಓಡಿಸಿ ನೋಡಿದ್ದೆ.

ಮೂವತ್ತನಾಲ್ಕು ವರ್ಷದಲ್ಲಿ ಕಳ್ಳ ಸಿಕ್ಕಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು. ಇವತ್ತು ಆಗಲಿಲ್ಲ.

"ಸಾಕು," ಎಂದೆ. "ಆ ಕಾಗದ ಬರೆದದ್ದು ನೀನೇ ತಾನೇ?"

ಅವಳ ಬೆರಳು ಕೀಲಿಯ ಮೇಲೇ ಉಳಿಯಿತು. ಪರದೆಯ ತುಂಬ ಒಂದೇ ಅಕ್ಷರ ಸಾಲಾಗಿ ಓಡತೊಡಗಿತು. ನಾನೇ ಕೈ ಹಿಡಿದು ತೆಗೆದೆ.

"ಅಲ್ಲಮ್ಮಾ, ನೀನೇ ಬರೆದು, ನೀನೇ ಬಂದು ಇದು ಸುಳ್ಳು ಅಂತ ಬರ್ಕೊಡಿ ಅಂದ್ಯಲ್ಲ! ನನ್ನ ತಲೆ ಮೇಲೆ ಏನು ಗುಬ್ಬಚ್ಚಿ ಗೂಡು ಕಟ್ಟಿದೆ ಅಂದ್ಕೊಂಡ್ಯಾ?"

"ಪೊಲೀಸ್ನೋರು ನಂಬಿಬಿಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ ಮೇಡಂ," ಎಂದಳು. ದನಿ ಎಲ್ಲೋ ಕೆಳಗಿನಿಂದ ಬರುತ್ತಿತ್ತು. "ನಾನು ಅವರಿಗೋಸ್ಕರ ಬರೀಲಿಲ್ಲ. ಈ ಕಂಪ್ಯೂಟರಲ್ಲಿ ಅವನ ಹೆಸರಲ್ಲೇ ಪಡಸಾಲೆ ತೆರೆದಿರತ್ತೆ. ಬರೆದು ಮುಗಿಸಿ ಯಂತ್ರದ ಮುಂದೆ ಹೋಗಿ ಕೂತೆ. ಸಂಜೆ ಅಷ್ಟೊತ್ತಿಗೆ ಅವನ ಆಫೀಸಿನವನು ನೋಡಿ ಇನ್ಸ್‌ಪೆಕ್ಟರಿಗೆ ತೋರಿಸಿಬಿಟ್ಟಿದ್ದ. ಆಮೇಲೆ ನಾನೇ ಅಂತ ಹೇಳೋಕೆ ಬಾಯಿ ಬರಲಿಲ್ಲ."

"ಯಾರಿಗೋಸ್ಕರ ಬರೆದೆ ಹಾಗಾದ್ರೆ?"

"ನನಗೋಸ್ಕರ."

ಅವಳು ಟೇಪನ್ನು ಕತ್ತಿನಿಂದ ತೆಗೆದು ಸುತ್ತತೊಡಗಿದಳು.

"ಅವತ್ತು ಬೆಳಿಗ್ಗೆ ಜಗಳ ಆಯ್ತು. ನಾನು ಬೇರೆ ರೂಮ್ ಮಾಡ್ತೀನಿ ಅಕ್ಕ ಅಂದ. ಅಷ್ಟು ಹೇಳೋಕೆ ಅವನಿಗೆ ಎಷ್ಟು ಹೊತ್ತು ಹಿಡೀತು ಗೊತ್ತಾ? ಬೆವೆತುಹೋದ. ಒಂಬತ್ತು ವರ್ಷದವನಿಂದ ಸಾಕಿದೀನಿ ಮೇಡಂ. ಮದುವೆ ಗಿದುವೆ ಏನೂ ಅಂತ ನೋಡಲಿಲ್ಲ. ಸಿಟ್ಟು ನೆತ್ತಿಗೇರ್ತು. ಹೋಗು, ನಿನ್ನ ತೊದಲು ಕೇಳೋ ಕರ್ಮ ನನಗೊಬ್ಬಳಿಗೇ, ಇನ್ಯಾರು ಕೇಳ್ತಾರೋ ನೋಡ್ತೀನಿ ಅಂದೆ. ಯಾವತ್ತೂ ಅಂದಿರಲಿಲ್ಲ. ಅವತ್ತು ಅಂದುಬಿಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗಾದೆ ಬಾಯಿಗೆ ಬಂದರೂ ನುಂಗಿಕೊಂಡೆ. ಅದು ನನಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು.

"ಅವತ್ತು ಸಂಜೆ ಅವನು ಬರಲೇ ಇಲ್ಲ ಅಂದಿದ್ದೆ ನೀನು."

"ಬಂದಿದ್ದ." ಟೇಪು ಕೈಯಿಂದ ಜಾರಿತು. "ಏಳೂವರೆ ಇರಬಹುದು. ಬಾಗಿಲು ತಟ್ಟಿದ. ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಮೂರು ಸರ್ತಿ ಹಾಗೇ ತಟ್ಟಿದ. ನಾನು ಚಿಲಕ ಹಾಕ್ಕೊಂಡು ಕೂತಿದ್ದೆ. ಸ್ವಲ್ಪ ನಿಂತ್ಕೊಂಡಿರಲಿ, ಬುದ್ಧಿ ಬರಲಿ ಅಂತ. ಇನ್ನೂ ಜೋರಾಗಿ ಯಂತ್ರ ತುಳಿದೆ. ಆಮೇಲೆ ತಟ್ಟೋದು ನಿಂತುಹೋಯ್ತು. ಎದ್ದು ಬಾಗಿಲು ತೆಗೆದು ನೋಡಿದ್ರೆ ಯಾರೂ ಇಲ್ಲ."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಅವನು ಒಂದು ಮಾತೂ ಬರೆದಿಡದೆ ಹೋದನಲ್ಲ ಮೇಡಂ. ಮನುಷ್ಯರು ಹೋಗುವಾಗ ಒಂದು ಸಾಲಾದ್ರೂ ಬರೆದಿಡ್ತಾರೆ. ಅವನು ಏನು ಬರೆದಿದ್ರೆ ನನಗೆ ಸಮಾಧಾನ ಆಗ್ತಿತ್ತೋ ಅದನ್ನ ನಾನೇ ಬರ್ಕೊಂಡೆ. ಅಕ್ಕನದೇನೂ ತಪ್ಪಿಲ್ಲ ಅಂತ."

ಆರು ಸಲ ಅಳಿಸಿ ಬರೆದ ಸಾಲು ಅದೇ ಎಂದು ನನಗೆ ಗೊತ್ತಿತ್ತು. ಬಯ್ಯಲೆಂದೇ ಬಂದವಳು ನಾನು. ಅವಳ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟೆ. ಇನ್ನೊಬ್ಬರ ಬೆನ್ನು ಮುಟ್ಟದೆ ನನಗೂ ಬಹಳ ಕಾಲವಾಗಿತ್ತು. ಕೈ ಎಲ್ಲಿಡಬೇಕೆಂದೇ ಸರಿಯಾಗಿ ತಿಳಿಯಲಿಲ್ಲ.

"ನೋಡು," ಎಂದೆ ಕೊನೆಗೆ. "ನಾಳೆ ಹನ್ನೊಂದರೊಳಗೆ ಇದನ್ನ ಇನ್ಸ್‌ಪೆಕ್ಟರ್ ಮುಂದೆ ಹೇಳಬೇಕು. ಬೈತಾರೆ, ಕೇಸ್ ಹಾಕ್ತೀನಿ ಅಂತಾರೆ. ಹಾಕ್ಲಿ. ಹೇಳದಿದ್ರೆ ಅವನನ್ನ ಹುಡುಕೋರೇ ಇಲ್ಲ."

"ಹೇಳ್ತೀನಿ," ಎಂದಳು. "ಅವನು ಸಿಕ್ಕಿದ್ರೆ ಸಾಕು. ನೀವೂ ಬರ್ತೀರಾ?"

"ಬರದೆ ಇನ್ನೇನು ಮಾಡ್ಲಿ, ಮನೇಲಿ ಕೂತು ನೊಣ ಹೊಡೀಲಾ?"

ಅವಳು ಹನ್ನೆರಡು ದಿನದಲ್ಲಿ ಮೊದಲ ಬಾರಿ ನಕ್ಕ ಹಾಗೆ ಕಂಡಿತು. ಅಷ್ಟರಲ್ಲಿ ಲ್ಯಾಪ್‌ಟಾಪ್ ಟಿಂಗ್ ಎಂದು ಎದ್ದಿತು.

ಬಣ್ಣಗಾರ ಬರುವವರೆಗೆ ತೆರೆಯಬೇಡಿ ಎಂದಿದ್ದ. ಯಾರಾದರೂ ಬೇಡ ಎಂದದ್ದನ್ನು ಬಿಡುವ ಗುಣ ನನ್ನ ಜಾತಕದಲ್ಲೇ ಇಲ್ಲ. ನಾಲ್ಕು ಅಂಕಿ ಕೇಳಿತು. "ನಮ್ಮ ಹಳೇ ಮನೆ ನಂಬರು," ಎಂದು ಅಕ್ಕ ತಾನೇ ಒತ್ತಿದಳು. ಮೌನಿ ಕಟ್ಟಿದ ಕಿಟಕಿ ತೆರೆದುಕೊಂಡಿತು. ಅದರ ಅಡಿಯಲ್ಲಿ ಸಣ್ಣ ಅಕ್ಷರ: *ನಾಲ್ಕು ಸಾಲು ಕಾಯುತ್ತಿವೆ.*

"ಏನು ಹಾಗಂದ್ರೆ?" ಎಂದಳು ಅಕ್ಕ.

"ನೆಟ್ ಇಲ್ಲದಾಗ ಬರೆದದ್ದನ್ನ ಇದು ಹೊಟ್ಟೇಲಿ ಇಟ್ಕೊಂಡಿರತ್ತೆ." ಬೆಳಿಗ್ಗೆ ಗ್ರಂಥಾಲಯದ ಅಟೆಂಡರ್ ಹೇಳಿದ್ದು ನೆನಪಾಯಿತು: ಏಳಕ್ಕೆ ಸರಿಯಾಗಿ ನೆಟ್ ಆಫ್ ಮಾಡಿ, ಆಮೇಲೆ ಜನರನ್ನು ಎಬ್ಬಿಸಿ ಕಳಿಸುತ್ತೇವೆ. "ಏಳರ ಮೇಲೆ ಏನೋ ಬರೆದಿದ್ದಾನೆ. ಹೊರಗೆ ಹೋಗೋಕೇ ಆಗಿಲ್ಲ."

ಲ್ಯಾಪ್‌ಟಾಪ್ ಮನೆಯ ನೆಟ್ಟನ್ನು ಗುರುತು ಹಿಡಿಯಿತು. ಮೂಲೆಯ ಹಳೆಯ ಕಂಪ್ಯೂಟರಿನ ಪರದೆಯ ಮೇಲೆ, ಅಕ್ಕ ತಮ್ಮ ಇಬ್ಬರೇ ಬರೆದುಕೊಳ್ಳುತ್ತಿದ್ದ ಪುಟದಲ್ಲಿ, ಮೌನಿಯ ಲ್ಯಾಪ್‌ಟಾಪಿನ ಹೆಸರಿನ ಪಕ್ಕ ಹಸಿರು ಚುಕ್ಕೆ ಹತ್ತಿಕೊಂಡಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಇಡೀ ಸಾಲು ಒಟ್ಟಿಗೆ ಬಂದು ಕೂತಿತು. ಪಕ್ಕದಲ್ಲಿ ಹನ್ನೆರಡು ದಿನದ ಹಿಂದಿನ ಸಂಜೆಯ ಹೊತ್ತು: ಏಳು ಗಂಟೆ ನಾಲ್ಕು ನಿಮಿಷ.

*ಅಕ್ಕಾ, ಬೆಳಿಗ್ಗೆ ನೀನು ಅಂದದ್ದಕ್ಕೆ ನನಗೆ ಕೋಪ ಇಲ್ಲ.*

ಅವಳು ಪರದೆಯತ್ತ ಬಗ್ಗಿದಳು. ತಾನೇ ಬರೆದುಕೊಳ್ಳಲು ಒಂದೂ ಮುಕ್ಕಾಲು ಗಂಟೆ ಹೆಣಗಿದ ಮಾತು, ಅವನ ಕೈಯಿಂದ, ತಡೆಯಿಲ್ಲದೆ, ಅವಳ ಮುಂದಿತ್ತು. ಅಳು ಬರುವ ಮೊದಲೇ ಎರಡನೆಯದು ಬಂತು.

*ಗುಂಡಿ ಡಬ್ಬಿಯ ತಳದಲ್ಲಿ ಒಂದು ಪೆನ್ ಡ್ರೈವ್ ಇಟ್ಟಿದ್ದೇನೆ, ಯಾರು ಕೇಳಿದರೂ ಕೊಡಬೇಡ.*

*ಇವತ್ತು ಯಾರು ಬಂದು ಬಾಗಿಲು ತಟ್ಟಿದರೂ ತೆಗೆಯಬೇಡ.*

*ಬರುವವನು ನಾನಲ್ಲ.*

ನಾವಿಬ್ಬರೂ ಆ ಕೊನೆಯ ಸಾಲನ್ನೇ ನೋಡುತ್ತಾ ಕೂತೆವು. ಇನ್ನೇನಾದರೂ ಬರಬಹುದೆಂದು ಕಾದೆವು. ಬರಲಿಲ್ಲ.

"ಮೇಡಂ," ಎಂದಳು ಅಕ್ಕ. "ಹಾಗಾದ್ರೆ ಅವತ್ತು ತಟ್ಟಿದ್ದು ಯಾರು?"

ನನಗೆ ಆಗ ಹೊಳೆದದ್ದು ಬೇರೆಯದೇ ಪ್ರಶ್ನೆ. "ಅವತ್ತು ತಟ್ಟಿದ್ರು ಅಂದ್ಯಲ್ಲ. ಬೆಲ್ ಯಾಕೆ ಒತ್ತಲಿಲ್ಲ? ನಾನು ಒತ್ತಿದಾಗ ಬೀದಿಗೇ ಕೇಳೋ ಹಾಗೆ ಕೂಗ್ತು."

"ಅವತ್ತು ಸಂಜೆ ನಾನೇ ತಂತಿ ಕಿತ್ತು ಹಾಕಿದ್ದೆ ಮೇಡಂ. ಅವನು ಬಂದು ಒತ್ತಿದ್ರೆ ಕೇಳಬಾರದು ಅಂತ. ಮಾರನೇ ದಿನ ಬೆಳಿಗ್ಗೆನೇ ಜೋಡಿಸಿದೆ."

"ಅವತ್ತೊಂದೇ ಸಂಜೆನಾ?"

"ಅವತ್ತೊಂದೇ ಸಂಜೆ."

"ಯಾರಿಗಾದ್ರೂ ಹೇಳಿದ್ಯಾ?"

"ಹೇಳ್ಕೊಳ್ಳೋ ಅಂಥ ವಿಷಯನಾ ಅದು? ನಿಮಗೇ ಈಗ ಹೇಳ್ತಿರೋದು."

*ಮೇಡಂ, ಅಲ್ಲಿ ಬೆಲ್ ಕೆಟ್ಟಿದೆ.* ಆ ಬೀದಿಗೆ ಕಾಲೇ ಇಟ್ಟಿಲ್ಲ ಎಂದವನು ಕೂಗಿದ್ದ. ನಾನು ಮಂಡಿ ನೋವಿನಲ್ಲಿ 'ಆಯ್ತಪ್ಪ' ಎಂದಿದ್ದೆ. ಈ ಮನೆಯ ವಿಳಾಸವನ್ನು ನನ್ನ ಕೈಯಾರೆ, ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟು ಬಂದಿದ್ದೆ. ಲ್ಯಾಪ್‌ಟಾಪ್ ಸಿಕ್ಕಿತು ಎಂದೂ ಹೇಳಿದ್ದೆ. ನನ್ನ ಬುದ್ಧಿಗೆ ಮಣ್ಣು ಹಾಕ!

ಗೋಡೆಯ ಗಡಿಯಾರ ನೋಡಿದೆ. ಆರಕ್ಕೆ ಎರಡು ನಿಮಿಷ.

"ಬಾಗಿಲಿಗೆ ಚಿಲಕ ಹಾಕು," ಎಂದೆ. "ಬೇಗ."

ಅವಳು ಏಳಲಿಲ್ಲ. ನನ್ನನ್ನೇ ನೋಡಿದಳು. "ಚಿಲಕ ಇಲ್ಲ ಮೇಡಂ. ಮಾರನೇ ದಿನವೇ ಕಿತ್ತು ಹಾಕಿಸಿದೆ. ಅವನು ಯಾವ ಹೊತ್ತಲ್ಲಿ ಬಂದ್ರೂ ಹೊರಗೆ ನಿಲ್ಲಬಾರದು ಅಂತ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಬಾಗಿಲ ಹೊರಗೆ ಬಂದು ನಿಂತಿತು. ಬೆಲ್ಲಿನ ಸ್ವಿಚ್ಚು ಅಲ್ಲೇ, ಭುಜದ ಎತ್ತರಕ್ಕೇ ಇದೆ. ಬಂದವನು ಅದನ್ನು ಮುಟ್ಟಲಿಲ್ಲ.

ಎರಡು ಸಲ ತಟ್ಟಿದ. ಸ್ವಲ್ಪ ತಡೆದು, ಇನ್ನೊಂದು ಸಲ.

ಅಕ್ಕ ಗುಂಡಿ ಡಬ್ಬಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. "ಇದೇ," ಎಂದಳು, ತುಟಿ ಅಲ್ಲಾಡಿದ್ದಷ್ಟೇ ಕಂಡಿತು. "ಅವತ್ತಿನದು ಇದೇ."

"ಮೇಡಂ, ನಾನು," ಎಂದಿತು ಹೊರಗಿನ ದನಿ. ಬಾಗಿಲ ಹಿಡಿಕೆ ನಿಧಾನವಾಗಿ ತಿರುಗತೊಡಗಿತು.